ಬೇವಿನ ಕಟ್ಟೆಯ ಇಟ್ಟಿಗೆಗಳು: ವಿಜಯಪುರದ ಆಸ್ಪತ್ರೆಯೊಂದರ ಬೆಂಕಿ ಪ್ರಕರಣ ಮತ್ತು ಅಲ್ಲಿಲ್ಲದ ಸುರಕ್ಷತಾ ಅಧಿಕಾರಿ

ಮೇ ತಿಂಗಳ ಒಂದು ರಾತ್ರಿ ವಿಜಯಪುರದ ಖಾಸಗಿ ಆಸ್ಪತ್ರೆಯೊಂದರ ಎರಡನೇ ಮಹಡಿಯಲ್ಲಿ, ತೀವ್ರ ನಿಗಾ ಘಟಕಕ್ಕೆ ಅಂಟಿಕೊಂಡಿರುವ ಬಟ್ಟೆ ಕೋಣೆಗೆ ಬೆಂಕಿ ಹತ್ತಿತು. ಘಟಕದಲ್ಲಿ ಎಂಟು ರೋಗಿಗಳಿದ್ದರು. ಅವರಲ್ಲಿ ಮೂವರು ವೆಂಟಿಲೇಟರ್ ಮೇಲಿದ್ದರು. ಇಪ್ಪತ್ತು ನಿಮಿಷದೊಳಗೆ ಎಂಟೂ ಜನರನ್ನು ಅದೇ ಮಹಡಿಯ ಇನ್ನೊಂದು ಬದಿಗೆ ಸಾಗಿಸಲಾಯಿತು. ಯಾರ ಪ್ರಾಣವೂ ಹೋಗಲಿಲ್ಲ. ಆ ಕೆಲಸ ಮಾಡಿದವರಿಗೆಲ್ಲ ತರಬೇತಿ ಕೊಟ್ಟಿದ್ದ ಸುರಕ್ಷತಾ ಅಧಿಕಾರಿ ತೀರಿಕೊಂಡು ಅಷ್ಟೊತ್ತಿಗೆ ಐದು ತಿಂಗಳಾಗಿತ್ತು.

ನಾನು ಈಗ ಆ ಆಸ್ಪತ್ರೆಯ ಗುಣಮಟ್ಟ ವಿಭಾಗದಲ್ಲಿದ್ದೇನೆ. ಅದಕ್ಕೂ ಮೊದಲು ಹನ್ನೊಂದು ವರ್ಷ ಅದೇ ನಿಗಾ ಘಟಕದಲ್ಲಿ ಸ್ಟಾಫ್ ನರ್ಸ್ ಆಗಿದ್ದೆ. ಹೀಗಾಗಿ ಘಟನೆಯ ವರದಿ ಬರೆಯುವ ಹೊಣೆ ನನ್ನ ಪಾಲಿಗೆ ಬಂತು. ಆಡಳಿತ ಮಂಡಳಿಗೆ ಸಲ್ಲಿಸಿದ ಆರು ಪುಟಗಳ ವರದಿಯಲ್ಲಿ ಆ ಸುರಕ್ಷತಾ ಅಧಿಕಾರಿಯ ಪ್ರಸ್ತಾಪ ಒಂದೇ ಸಾಲಿನಲ್ಲಿ ಮುಗಿದಿದೆ: ‘ಸುರಕ್ಷತಾ ಅಧಿಕಾರಿಯ ಹುದ್ದೆ ಖಾಲಿ ಇತ್ತು.’ ಆ ಸಾಲು ಸುಳ್ಳಲ್ಲ. ಆದರೆ ಆ ರಾತ್ರಿ ಯಾವುದು ಕೈ ಹಿಡಿಯಿತು, ಯಾವುದು ಕೈ ಕೊಟ್ಟಿತು ಎಂಬುದನ್ನು ಅವರನ್ನು ಬದಿಗಿಟ್ಟು ವಿವರಿಸಲು ಬರುವುದಿಲ್ಲ ಎಂದು ವರದಿ ಬರೆಯುವಾಗಲೇ ನನಗೆ ಗೊತ್ತಾಗಿತ್ತು; ಅದಕ್ಕಾಗಿ ಇದನ್ನು ಬೇರೆಯಾಗಿ ಬರೆದಿದ್ದೇನೆ. ಆಸ್ಪತ್ರೆಯ ಹೆಸರಾಗಲಿ ಅವರ ಹೆಸರಾಗಲಿ ಇಲ್ಲಿ ಬೇಕಿಲ್ಲ. ಆಯಾಗಳಿಂದ ಹಿಡಿದು ಮೇಟ್ರನ್‌ವರೆಗೆ ಎಲ್ಲರೂ ಅವರನ್ನು ಕರೆಯುತ್ತಿದ್ದುದು ‘ಕಾಕಾ’ ಎಂದೇ. ಡಾಕ್ಟರುಗಳು ಮಾತ್ರ ‘ಸಾಹೇಬ್ರ’ ಅನ್ನುತ್ತಿದ್ದರು, ಅದು ಅವರಿಗೆ ಇರಿಸುಮುರಿಸು.

ಕಾಕಾ ಮತ್ತು ಅವರ ಕೆಲಸದ ರೀತಿ

ವಿಜಯಪುರ ಮತ್ತು ಬಾಗಲಕೋಟೆ ಎರಡೂ ಒಂದೇ ಜಿಲ್ಲೆಯಾಗಿದ್ದ ಕಾಲದಲ್ಲಿ, ಅಂದರೆ 1997ಕ್ಕೂ ಎಷ್ಟೋ ವರ್ಷ ಮೊದಲು, ಅವರು ಅಗ್ನಿಶಾಮಕನಾಗಿ ಇಲಾಖೆಗೆ ಸೇರಿ, ಅರವತ್ತು ತುಂಬಿದಾಗ ಸಹಾಯಕ ಠಾಣಾಧಿಕಾರಿಯಾಗಿ ನಿವೃತ್ತರಾದರು. ನಮ್ಮ ಭಾಗದ ಅಗ್ನಿಶಾಮಕನ ಕೆಲಸ ಉದ್ದನೆಯ ಏಣಿ ಹತ್ತಿ ಕಿಟಕಿಯಿಂದ ಜನರನ್ನು ಇಳಿಸುವಂಥದ್ದಲ್ಲ. ಬೇಸಿಗೆಯಲ್ಲಿ ಮೇವಿನ ಬಣವೆಗೆ ಹತ್ತಿದ ಬೆಂಕಿ, ಕಬ್ಬಿನ ಹೊಲದ ಮೇಲೆ ಜೋತುಬಿದ್ದ ವಿದ್ಯುತ್ ತಂತಿಯ ಕಿಡಿ, ಹಾಳುಬಾವಿಗೆ ಬಿದ್ದ ಎಮ್ಮೆ, ಕೃಷ್ಣೆಗೋ ಭೀಮೆಗೋ ಮಹಾಪೂರ ಬಂದಾಗ ದೋಣಿಯ ಕೆಲಸ: ಅವರ ನೌಕರಿಯ ಬಹುಪಾಲು ಇದರಲ್ಲೇ ಕಳೆದಿತ್ತು. ಪ್ರತಿ ಸಂಕ್ರಾಂತಿಗೆ ಸಿದ್ಧೇಶ್ವರ ಜಾತ್ರೆಯಲ್ಲಿ ಮದ್ದು ಸುಡುವ ರಾತ್ರಿ ಜಲವಾಹನದ ಪಕ್ಕದಲ್ಲಿ ಅವರ ಬಂದೋಬಸ್ತು. ‘ಊರ ಮಂದಿಯೆಲ್ಲಾ ಮ್ಯಾಲ ನೋಡ್ತಿತ್ತು, ನಾ ಮಾತ್ರ ಕಿಡಿ ಎಲ್ಲಿ ಬೀಳ್ತದ ಅಂತ ಕೆಳಗ ನೋಡಕೋತ ನಿಂತಿರ್ತಿದ್ದೆ’ ಎಂದು ನಗುತ್ತಿದ್ದರು. ಅಷ್ಟು ವರ್ಷ ಜಾತ್ರೆಗೆ ಹೋದರೂ ಮದ್ದು ಹೇಗಿರುತ್ತದೆಂದು ಅವರು ನೆಟ್ಟಗೆ ನೋಡಿದ್ದು ನಿವೃತ್ತಿಯ ನಂತರವೇ ಅಂತೆ.

ಅವರನ್ನು ಆಸ್ಪತ್ರೆ ನೇಮಿಸಿಕೊಂಡದ್ದರ ಹಿಂದೆ ದೊಡ್ಡ ಉದ್ದೇಶವೇನೂ ಇರಲಿಲ್ಲ. ಅಗ್ನಿಶಾಮಕ ಇಲಾಖೆಯ ನಿರಾಕ್ಷೇಪಣಾ ಪತ್ರ, ಗುಣಮಟ್ಟದ ಮಾನ್ಯತೆಗೆ ಬೇಕಾದ ದಾಖಲೆ, ಇವನ್ನೆಲ್ಲ ನೋಡಿಕೊಳ್ಳಲು ಒಬ್ಬರು ಬೇಕಿತ್ತು. ಇಲಾಖೆಯ ಒಳಹೊರಗು ಗೊತ್ತಿದ್ದ ನಿವೃತ್ತರೊಬ್ಬರು ಸಿಕ್ಕರು. ವಿಚಿತ್ರವೆಂದರೆ ಅವರು ಕೊನೆಯವರೆಗೂ ಸರಿಯಾಗಿ ಮಾಡದೆ ಉಳಿದದ್ದು ಈ ಕಾಗದದ ಕೆಲಸವೊಂದನ್ನೇ.

ಬಂದ ಮೊದಲ ವಾರ ಅವರು ಕೈಯಲ್ಲಿ ಸೀಮೆಸುಣ್ಣ ಹಿಡಿದು ಇಡೀ ಕಟ್ಟಡ ಸುತ್ತಿದರು. ಬೀರುವಿನ ಹಿಂದೆ ಅಡಗಿದ್ದ ಅಗ್ನಿನಂದಕಗಳು ಹೊರಗೆ ಬಂದವು. ಮೆಟ್ಟಿಲ ಕೆಳಗೆ ರಾಶಿ ಬಿದ್ದಿದ್ದ ಮುರಿದ ಮಂಚಗಳು ಗುಜರಿಗೆ ಹೋದವು. ವಿದ್ಯುತ್ ಫಲಕಗಳ ಮೇಲೆ ಗುತ್ತಿಗೆದಾರರು ಇಂಗ್ಲಿಷ್ ಅಕ್ಷರ ಮತ್ತು ಅಂಕಿಗಳಲ್ಲಿ ಏನೇನೋ ಬರೆದು ಹೋಗಿದ್ದರು; ರಾತ್ರಿ ಪಾಳಿಯ ಕಾವಲುಗಾರನಿಗೆ ಅದರ ಒಂದಕ್ಷರವೂ ತಿಳಿಯುತ್ತಿರಲಿಲ್ಲ. ಕಾಕಾ ಒಂದು ಡಬ್ಬಿ ಬಣ್ಣ ಮತ್ತು ಸಣ್ಣ ಕುಂಚ ತರಿಸಿ, ಪ್ರತಿ ಸ್ವಿಚ್ಚಿನ ಪಕ್ಕದಲ್ಲಿ ತಮ್ಮ ದಪ್ಪ ಅಕ್ಷರದಲ್ಲಿ ‘ಐಸಿಯು ದೀಪ’, ‘ಐಸಿಯು ಎಸಿ’, ‘ಬಟ್ಟಿ ಖೋಲಿ’, ‘ಅಡಗಿ ಮನಿ’ ಎಂದು ಬರೆದರು. ಒಬ್ಬ ಹಿರಿಯ ವೈದ್ಯರು ಅದನ್ನು ನೋಡಿ ‘ಏನ್ರಿ ಇದು, ಕಿರಾಣಿ ಅಂಗಡಿ ಆತಲ್ಲ’ ಎಂದಿದ್ದರು. ಆ ಮಾತನ್ನು ಮುಂದೆ ಇನ್ನೊಮ್ಮೆ ನೆನೆಯಬೇಕಾಗುತ್ತದೆ.

ಅವರ ಪಾಠಗಳಲ್ಲಿ ಪುಸ್ತಕದ ಮಾತು ಕಡಿಮೆ. 2011ರ ಡಿಸೆಂಬರ್ 9ರಂದು ಕೋಲ್ಕತ್ತದ ಢಾಕುರಿಯಾದಲ್ಲಿ ದೊಡ್ಡ ಆಸ್ಪತ್ರೆಯೊಂದರ ನೆಲಮಾಳಿಗೆಯಲ್ಲಿ ಹತ್ತಿದ ಬೆಂಕಿಯ ಹೊಗೆ ಹವಾನಿಯಂತ್ರಣದ ಕೊಳವೆಗಳ ಮೂಲಕ ಮೇಲಿನ ಮಹಡಿಗಳಿಗೆ ಹಬ್ಬಿ 90ಕ್ಕೂ ಹೆಚ್ಚು ಜನ ಸತ್ತದ್ದನ್ನು ಅವರು ಪ್ರತಿ ತರಬೇತಿಯಲ್ಲೂ ಹೇಳುತ್ತಿದ್ದರು. ಅವರಲ್ಲಿ ಹೆಚ್ಚಿನವರನ್ನು ಕೊಂದದ್ದು ಉರಿಯಲ್ಲ, ಹೊಗೆ. 2021ರ ಜನವರಿ 9ರ ನಸುಕಿನಲ್ಲಿ ಮಹಾರಾಷ್ಟ್ರದ ಭಂಡಾರಾ ಜಿಲ್ಲಾ ಆಸ್ಪತ್ರೆಯ ನವಜಾತ ಶಿಶು ಘಟಕದಲ್ಲಿ ಹತ್ತು ಹಸುಗೂಸುಗಳು ಸತ್ತವು. ಅದೇ ವರ್ಷದ ಏಪ್ರಿಲ್‌ನಲ್ಲಿ ಮುಂಬೈ ಸಮೀಪದ ವಿರಾರದಲ್ಲಿ ನಿಗಾ ಘಟಕಕ್ಕೆ ಬೆಂಕಿ ಹತ್ತಿತು. 2024ರ ನವೆಂಬರ್‌ನಲ್ಲಿ ಝಾನ್ಸಿಯಲ್ಲಿ ಮತ್ತೆ ಎಳೆಗೂಸುಗಳು. ಝಾನ್ಸಿಯ ಸುದ್ದಿಯನ್ನು ಪತ್ರಿಕೆಯಿಂದ ಕತ್ತರಿಸಿ ಸಿಬ್ಬಂದಿ ಬಟ್ಟೆ ಬದಲಿಸುವ ಕೋಣೆಯ ಬಾಗಿಲಿಗೆ ಅಂಟಿಸಿದರು. ಕೆಳಗೆ ಏನೂ ಬರೆಯಲಿಲ್ಲ. ಅದಾಗಿ ತಿಂಗಳಿಗೆಲ್ಲ ಒಂದು ನಸುಕಿನಲ್ಲಿ ಮನೆಯಲ್ಲೇ ಹೃದಯಾಘಾತವಾಗಿ ಅವರು ತೀರಿಕೊಂಡರು. ಬಸವನ ಬಾಗೇವಾಡಿ ಕಡೆಯ ಅವರ ಊರಿಗೆ ಮಣ್ಣಿಗೆ ಹೋಗಲು ನಾಲ್ಕು ಟಂಟಂ ಸಾಲಲಿಲ್ಲ.

ಏಪ್ರಿಲ್ 14 ಬಂತೆಂದರೆ ಅವರದೊಂದು ಗಡಿಬಿಡಿ. 1944ರ ಆ ದಿನ ಮುಂಬೈ ಬಂದರಿನಲ್ಲಿ ಫೋರ್ಟ್ ಸ್ಟಿಕೀನ್ ಎಂಬ ಹಡಗು ಸ್ಫೋಟಿಸಿ 66 ಮಂದಿ ಅಗ್ನಿಶಾಮಕರು ಸತ್ತರು. ಅವರ ನೆನಪಿಗಾಗಿಯೇ ದೇಶದಲ್ಲಿ ಅಂದು ಅಗ್ನಿಶಾಮಕ ಸೇವಾ ದಿನ. ಅದೇ ದಿನ ಅಂಬೇಡ್ಕರ್ ಜಯಂತಿಯ ಮೆರವಣಿಗೆಯೂ ಇರುವುದರಿಂದ, ಸಿಬ್ಬಂದಿ ಅಲ್ಲಿಗೆ ಹೊರಡುವ ಮೊದಲು ಬೆಳಿಗ್ಗೆ ಏಳಕ್ಕೇ ಅಂಗಳದಲ್ಲಿ ಎಲ್ಲರನ್ನೂ ನಿಲ್ಲಿಸಿ, ಎರಡು ನಿಮಿಷ ಮೌನ, ನಂತರ ಕಬ್ಬಿಣದ ಬುಟ್ಟಿಯಲ್ಲಿ ಡೀಸೆಲ್ ಸುರಿದು ಬೆಂಕಿ ಹಚ್ಚಿ ಒಬ್ಬೊಬ್ಬರಿಂದಲೂ ಆರಿಸುವ ಅಭ್ಯಾಸ. ಕಸ ಗುಡಿಸುವವರಿಗೆ ಮೊದಲ ಸರದಿ, ವೈದ್ಯಕೀಯ ನಿರ್ದೇಶಕರಿಗೆ ಕೊನೆಯದು.

ಅವರು ಕಲಿಸಿದ್ದರಲ್ಲಿ ಮೂರು ಸಂಗತಿಗಳು ಈ ಪ್ರಕರಣಕ್ಕೆ ಸಂಬಂಧಿಸಿವೆ. ಒಂದು, ಬಿಸಿಯಾದ ಬಾಗಿಲನ್ನು ತೆರೆಯಬಾರದು. ಅಂಗೈಯಿಂದಲ್ಲ, ಕೈಯ ಹಿಂಭಾಗದಿಂದ ಮುಟ್ಟಿ ನೋಡಬೇಕು. ಎರಡು, ಬೆಂಕಿ ಎಂದು ಬರಿದೇ ಕೂಗಬಾರದು. ‘ಇದು ಗೋಳಗುಮ್ಮಟ ಅಲ್ಲವ್ವಾ, ನೀ ಒಮ್ಮೆ ಅಂದದ್ದು ಏಳು ಸಲ ಕೇಳಾಕ. ಎಲ್ಲಿ ಬೆಂಕಿ ಅನ್ನೂದನ್ನ ನೀನ ಮೂರು ಸಲ ಹೇಳಬೇಕು’ ಎನ್ನುತ್ತಿದ್ದರು. ಮೂರು, ನಿಗಾ ಘಟಕದ ರೋಗಿಯನ್ನು ಕೆಳಗಿಳಿಸಲು ಹೋಗಬಾರದು. ‘ಅಡ್ಡ ಹೋಗ್ರಿ, ಕೆಳಗ ಅಲ್ಲ.’ ಅಂದರೆ ಅದೇ ಮಹಡಿಯಲ್ಲಿ ಹೊಗೆ ತಡೆಯುವ ಬಾಗಿಲಿನ ಆಚೆಗೆ ಮೊದಲು ಸಾಗಿಸಬೇಕು, ಮೆಟ್ಟಿಲು ಮತ್ತು ಇಳಿಜಾರಿನ ಮಾತು ಆಮೇಲೆ. ಆಸ್ಪತ್ರೆಯ ಕಟ್ಟಡಗಳನ್ನು ಬೆಂಕಿಯ ದೃಷ್ಟಿಯಿಂದ ಭಾಗಭಾಗವಾಗಿ ಬೇರ್ಪಡಿಸುವುದರ ಅರ್ಥವೇ ಇದು. ಆದರೆ ಆ ಬಾಗಿಲು ಮುಚ್ಚಿಕೊಂಡಿದ್ದರೆ ಮಾತ್ರ ಅದಕ್ಕೆ ಅರ್ಥ.

ಮುಚ್ಚಿಕೊಂಡಿರುತ್ತಿರಲಿಲ್ಲ. ಟ್ರಾಲಿ ತಳ್ಳುವವರಿಗೆ ತಾನಾಗಿ ಮುಚ್ಚಿಕೊಳ್ಳುವ ಬಾಗಿಲು ಒಂದು ಕಿರುಕುಳ. ಹೀಗಾಗಿ ಪ್ರತಿ ಮಹಡಿಯಲ್ಲೂ ಒಂದು ಇಟ್ಟಿಗೆ ಅದಕ್ಕೆ ಅಡ್ಡವಾಗಿ ಕೂತಿರುತ್ತಿತ್ತು. ಕಾಕಾ ದಿನಕ್ಕೆರಡು ಸಲ ಸುತ್ತು ಹೊಡೆಯುವಾಗ ಕಂಡ ಇಟ್ಟಿಗೆಯನ್ನು ಎತ್ತಿಕೊಂಡು, ಯಾರಿಗೂ ಏನೂ ಅನ್ನದೆ, ಕೆಳಗಿಳಿದು ಗೇಟಿನ ಬಳಿಯ ಬೇವಿನ ಮರದ ಬುಡದಲ್ಲಿ ಇಡುತ್ತಿದ್ದರು. ಮರುದಿನ ಬೇರೆ ಇಟ್ಟಿಗೆ ಬಂದಿರುತ್ತಿತ್ತು. ಅದನ್ನೂ ಎತ್ತುವರು. ಎರಡು ವರ್ಷದಲ್ಲಿ ಮರದ ಸುತ್ತ ಎಷ್ಟು ಇಟ್ಟಿಗೆ ಕೂಡಿತೆಂದರೆ, ಒಂದು ಭಾನುವಾರ ಗೌಂಡಿಯೊಬ್ಬನನ್ನು ಕರೆತಂದು ತಮ್ಮ ಕೈಯಿಂದಲೇ ಸಿಮೆಂಟಿನ ದುಡ್ಡು ಕೊಟ್ಟು ಕಟ್ಟೆ ಕಟ್ಟಿಸಿದರು. ರೋಗಿಗಳ ಕಡೆಯವರು ಈಗ ಬುತ್ತಿ ಬಿಚ್ಚಿ ರೊಟ್ಟಿ ಉಣ್ಣುವುದು ಆ ಕಟ್ಟೆಯ ಮೇಲೆ. ಅದು ಬಾಗಿಲಿಗೆ ಅಡ್ಡ ಇಟ್ಟ ಇಟ್ಟಿಗೆಗಳಿಂದ ಎದ್ದದ್ದೆಂದು ಅವರಿಗೆ ಗೊತ್ತಿಲ್ಲ.

ಆ ರಾತ್ರಿ

ಸುಮಾರು 2 ಗಂಟೆ 40 ನಿಮಿಷಕ್ಕೆ, ತೊರವಿಯಿಂದ ಕೆಲಸಕ್ಕೆ ಬರುವ ಐವತ್ತರ ಆಸುಪಾಸಿನ ಆಯಾ ಒಬ್ಬರಿಗೆ ಪ್ಲಾಸ್ಟಿಕ್ ಸುಟ್ಟ ವಾಸನೆ ಬಂತು. ಸಂಜೆಯಿಂದ ವಿದ್ಯುತ್ತು ನಾಲ್ಕೈದು ಸಲ ಹೋಗಿ ಬಂದಿತ್ತು. ಜನರೇಟರಿನ ವಾಸನೆ ಇರಬಹುದೆಂದು ಮೊದಲು ಅಂದುಕೊಂಡರು. ನಂತರ ಬಟ್ಟೆ ಕೋಣೆಯ ಬಾಗಿಲಿನ ತಳದಿಂದ ತೆಳ್ಳಗೆ ಹೊಗೆ ಹೊರಬರುವುದು ಕಣ್ಣಿಗೆ ಬಿತ್ತು. ಬಾಗಿಲಿಗೆ ಕೈಯ ಹಿಂಭಾಗ ಹಚ್ಚಿ ನೋಡಿದರು, ಬಿಸಿ ಇತ್ತು. ತೆರೆಯಲಿಲ್ಲ. ನೆಲ ಒರೆಸುವ ಬಕೀಟಿನಲ್ಲಿ ಎರಡು ಚಾದರ ಅದ್ದಿ ಬಾಗಿಲ ತಳದ ಸಂದಿಗೆ ತುರುಕಿ, ನಿಗಾ ಘಟಕದ ಕಡೆ ತಿರುಗಿ ಮೂರು ಸಲ ಹೇಳಿದರು: ‘ಎರಡನೇ ಮಾಳಿಗಿ, ಐಸಿಯು ಬಾಜೂಕ, ಬಟ್ಟಿ ಖೋಲಿ, ಬೆಂಕಿ.’

ಪಾಳಿಯ ಸಿಸ್ಟರ್ ಗೋಡೆಯ ಮೇಲಿನ ಎಚ್ಚರಿಕೆ ಗುಂಡಿಯನ್ನು ಒತ್ತಿದರು. ಗಂಟೆ ಬಾರಿಸಲಿಲ್ಲ. ಇನ್ನೊಮ್ಮೆ ಒತ್ತುತ್ತ ನಿಲ್ಲದೆ ಸ್ವಾಗತ ಕೌಂಟರಿಗೆ ಫೋನ್ ಮಾಡಿದರು. ಅಲ್ಲಿಂದ 112ಕ್ಕೆ ಕರೆ ಹೋಯಿತು. ಪಾಳಿಯ ವೈದ್ಯರು ಹೊಸಬರು, ಕೆಲಸಕ್ಕೆ ಸೇರಿ ತಿಂಗಳೂ ಆಗಿರಲಿಲ್ಲ, ಕಾಕಾ ಅವರನ್ನು ಕಂಡವರಲ್ಲ. ಒಳಗೆ ಏನು ಸುಡುತ್ತಿದೆ ಎಂದು ನೋಡಲು ಬಟ್ಟೆ ಕೋಣೆಯ ಚಿಲಕಕ್ಕೆ ಕೈ ಹಾಕಿದರು. ಆಯಾ ಹೋಗಿ ವೈದ್ಯರ ಮತ್ತು ಬಾಗಿಲಿನ ನಡುವೆ ನಿಂತರು. ‘ಡಾಕ್ಟರ, ಬಾಗಲಾ ತೆರೀಬ್ಯಾಡ್ರಿ. ಪೇಶಂಟ್ ತಗೀರಿ ಮೊದಲ.’ ಇಪ್ಪತ್ತು ವರ್ಷದ ನೌಕರಿಯಲ್ಲಿ ಡಾಕ್ಟರೊಬ್ಬರಿಗೆ ಬೇಡ ಅಂದದ್ದು ಅದೇ ಮೊದಲು ಎಂದು ವಿಚಾರಣೆಯಲ್ಲಿ ಆಕೆ ಸಂಕೋಚದಿಂದಲೇ ಹೇಳಿದರು. ಆ ಕೋಣೆಯಲ್ಲಿ ಹತ್ತಿಯ ಚಾದರಗಳ ರಾಶಿಯ ಜೊತೆಗೆ ಆಲ್ಕೊಹಾಲ್ ಇರುವ ಸ್ಯಾನಿಟೈಸರ್ ಕ್ಯಾನುಗಳಿದ್ದವು. ಗಾಳಿ ಸಾಲದೆ ಒಳಗೊಳಗೇ ಹೊಗೆಯಾಡುತ್ತಿದ್ದ ಬೆಂಕಿಗೆ ಬಾಗಿಲು ತೆರೆದು ಗಾಳಿ ಕೊಟ್ಟಿದ್ದರೆ ಉರಿ ಓಣಿಗೆ ನುಗ್ಗುತ್ತಿತ್ತು.

ರೋಗಿಗಳನ್ನು ಸಾಗಿಸಿದ ಕ್ರಮ ಕಾಕಾ ಹೇಳಿಕೊಟ್ಟದ್ದೇ: ಬೆಂಕಿಯ ಮಗ್ಗುಲಿನ ಮಂಚದವರು ಮೊದಲು, ನಂತರ ಹಿಡಿದುಕೊಂಡರೆ ನಡೆಯಬಲ್ಲವರು, ಕೊನೆಗೆ ಯಂತ್ರದ ಮೇಲಿದ್ದವರು. ಇಲ್ಲಿ ಆಮ್ಲಜನಕದ ವಿಷಯವನ್ನು ಸ್ವಲ್ಪ ವಿವರವಾಗಿ ಹೇಳಬೇಕು. ನಾವು ಉಸಿರಾಡುವ ಗಾಳಿಯಲ್ಲಿ ಆಮ್ಲಜನಕ ಶೇ 21ರಷ್ಟು; ಮಾಸ್ಕುಗಳಿಂದ ಸೋರುತ್ತಲೇ ಇರುವ ಘಟಕದಲ್ಲಿ, ಕಿಟಕಿಗಳು ಮುಚ್ಚಿದ್ದರೆ, ಆ ಪ್ರಮಾಣ ಏರುತ್ತದೆ. ಆಮ್ಲಜನಕ ತಾನು ಉರಿಯುವುದಿಲ್ಲ, ಆದರೆ ಅದು ಹೆಚ್ಚಾದಲ್ಲಿ ಚಾದರ, ಕೂದಲು, ಹಾಸಿಗೆ ಎಲ್ಲವೂ ಎಂದಿಗಿಂತ ಬೇಗ ಹತ್ತಿ ಉರಿಯುತ್ತವೆ. ಆದ್ದರಿಂದ ಬೆಂಕಿಯ ಹೊತ್ತಿನಲ್ಲಿ ಆ ಘಟಕಕ್ಕೆ ಹೋಗುವ ಆಮ್ಲಜನಕದ ವಾಲ್ವ್ ಬಂದ್ ಮಾಡಲೇಬೇಕು. ಆದರೆ ಅವಸರದಲ್ಲಿ ಮೊದಲೇ ಬಂದ್ ಮಾಡಿದರೆ ಅದನ್ನೇ ನಂಬಿ ಉಸಿರಾಡುತ್ತಿರುವವರು ಬೆಂಕಿಗಿಂತ ಮುಂಚೆ ಸಾಯುತ್ತಾರೆ. ಎರಡೂ ತಪ್ಪುಗಳು ಬೇರೆ ಬೇರೆ ಆಸ್ಪತ್ರೆಗಳಲ್ಲಿ ಆಗಬಲ್ಲವು ಎಂದು ಕಾಕಾ ಇದಕ್ಕೊಂದು ಸರಳ ಗುರುತು ಇಟ್ಟಿದ್ದರು: ಕೊನೆಯ ರೋಗಿ ಹೊಸ್ತಿಲು ದಾಟಿದ ಮೇಲೆ, ಪಾಳಿಯ ಸಿಸ್ಟರೇ, ಗಟ್ಟಿಯಾಗಿ ಹೇಳಿ ವಾಲ್ವ್ ತಿರುಗಿಸಬೇಕು.

ಅದಕ್ಕಾಗಿಯೇ ಪ್ರತಿ ವೆಂಟಿಲೇಟರ್ ಮಂಚದ ಬಳಿ ಒಂದು ಸಣ್ಣ ಸಿಲಿಂಡರ್, ಒಂದು ಅಂಬು ಬ್ಯಾಗ್, ಅಂದರೆ ಕೈಯಿಂದ ಒತ್ತಿ ಉಸಿರು ಕೊಡುವ ಚೀಲ. ಸಿಲಿಂಡರಿನ ಕೊರಳಿಗೆ ಅದರ ಕೀಲಿಯನ್ನು ಗಟ್ಟಿ ದಾರದಿಂದ ಕಟ್ಟಿರುತ್ತಿದ್ದರು, ಏಕೆಂದರೆ ಸಿಲಿಂಡರ್ ಎಲ್ಲ ಕಡೆ ಸಿಗುತ್ತದೆ, ಕೀಲಿ ಬೇಕಾದಾಗ ಸಿಗುವುದಿಲ್ಲ. (ಒಮ್ಮೆ ತಲೆಗೆ ಕೊಬ್ಬರಿ ಎಣ್ಣೆ ತಿಕ್ಕಿಕೊಂಡು ಅದೇ ಕೈಯಲ್ಲಿ ವಾಲ್ವ್ ಮುಟ್ಟಿದ ಹುಡುಗನಿಗೆ ಅವರು ಬೈದಷ್ಟು ಇನ್ನಾರಿಗೂ ಬೈದದ್ದನ್ನು ನಾನು ಕೇಳಿಲ್ಲ, ಒತ್ತಡದಲ್ಲಿರುವ ಆಮ್ಲಜನಕಕ್ಕೆ ಜಿಡ್ಡು ತಾಗಿದರೆ ಕಿಡಿ ಬೇಕಾಗುವುದಿಲ್ಲ.) ಆ ರಾತ್ರಿ ಮೂರೂ ಕೀಲಿಗಳು ತಮ್ಮ ದಾರದಲ್ಲೇ ಇದ್ದವು. ಮೂವರೂ ರೋಗಿಗಳು ಅಂಬು ಬ್ಯಾಗಿನ ಮೇಲೆ, ಒಬ್ಬೊಬ್ಬರ ತಲೆಯ ಬಳಿ ಒಬ್ಬೊಬ್ಬರು ಒತ್ತುತ್ತ, ಓಣಿ ದಾಟಿದರು. 2 ಗಂಟೆ 57 ನಿಮಿಷಕ್ಕೆ ಸಿಸ್ಟರ್ ‘ಆಕ್ಸಿಜನ್ ಬಂದ್’ ಎಂದು ಕೂಗಿ ವಾಲ್ವ್ ತಿರುಗಿಸಿದ್ದಾರೆ. ಸಮಯ ಅವರ ಅಂಗೈಯ ಮೇಲೆ ಪೆನ್ನಿನಿಂದ ಬರೆದದ್ದು.

ಅಷ್ಟರೊಳಗೆ ಓಣಿಯ ವಿದ್ಯುತ್ ಫಲಕ ಚಟಚಟ ಎನ್ನತೊಡಗಿತ್ತು. ಕೆಳಗಿನಿಂದ ಓಡಿ ಬಂದ ಕಾವಲುಗಾರ ಟಾರ್ಚ್ ಹಾಕಿ, ‘ಬಟ್ಟಿ ಖೋಲಿ’ ಎಂದು ಬರೆದಿದ್ದ ಸ್ವಿಚ್ಚನ್ನು ಮಾತ್ರ ಕೆಳಗಿಳಿಸಿದ. ನಿಗಾ ಘಟಕದ ದೀಪಗಳು ಆರಲಿಲ್ಲ. ಕತ್ತಲಾಗಿದ್ದರೆ ಎಂಟು ಮಂಚಗಳನ್ನು ಸಾಗಿಸಲು ಎಷ್ಟು ಹೊತ್ತು ಹಿಡಿಯುತ್ತಿತ್ತೋ ನನಗೆ ಊಹಿಸಲಾಗದು. ಕಿರಾಣಿ ಅಂಗಡಿ ಎಂದಿದ್ದ ಹಿರಿಯ ವೈದ್ಯರು ಮರುದಿನ ಆ ಫಲಕದ ಮುಂದೆ ಬಹಳ ಹೊತ್ತು ನಿಂತಿದ್ದರು.

ಕರೆ ಹೋದ ಹದಿಮೂರು ನಿಮಿಷಕ್ಕೆ ಎರಡು ಜಲವಾಹನಗಳು ಬಂದವು. ತಂಡದ ಮುಂದಿದ್ದವರು ಹಿಂದೆ ಕಾಕಾ ಅವರ ಕೈಕೆಳಗೆ ಕೆಲಸ ಮಾಡಿದವರೇ. ಬೆಂಕಿ ಎಲ್ಲಿದೆ ಎಂದು ಕೇಳುವ ಮೊದಲು ‘ಒಳಗ ಎಷ್ಟು ಮಂದಿ ಅದಾರ?’ ಎಂದು ಕೇಳಿದರು. ಸಿಸ್ಟರ್ ಎಂಟು ಹೆಸರುಗಳ ಪಟ್ಟಿ ಕೈಯಲ್ಲಿ ಹಿಡಿದು ಒಂದೊಂದಕ್ಕೂ ಗುರುತು ಹಾಕುತ್ತಿದ್ದರು. ಕೊನೆಯ ಇಬ್ಬರು ಇನ್ನೂ ಓಣಿಯಲ್ಲಿದ್ದರು. ಬಟ್ಟೆ ಕೋಣೆಯನ್ನು ತಂಡದವರು ಉಸಿರಾಟದ ಉಪಕರಣ ಹಾಕಿಕೊಂಡು ತೆರೆದು ನಂದಿಸಿದರು. ಅದರ ವಿವರ ಇಲ್ಲಿ ಬೇಕಿಲ್ಲ, ಅವರ ಮಟ್ಟಿಗೆ ಅದು ಸಣ್ಣ ಬೆಂಕಿ.

ಕೈ ಕೊಟ್ಟದ್ದು

ಮೇಲಿನದನ್ನು ಓದಿದವರಿಗೆ ಎಲ್ಲವೂ ಸರಿಯಾಗಿ ನಡೆಯಿತೆಂದು ಅನ್ನಿಸಬಹುದು. ನಡೆಯಲಿಲ್ಲ.

ಗಂಟೆ ಬಾರಿಸದೆ ಇದ್ದುದಕ್ಕೆ ಕಾರಣ ಯಂತ್ರದ ದೋಷವಲ್ಲ. ಬೇಸಿಗೆಯ ಧೂಳಿಗೆ ಹೊಗೆ ಸಂವೇದಕಗಳು ಪದೇ ಪದೇ ಸುಳ್ಳು ಎಚ್ಚರಿಕೆ ಕೊಡುತ್ತಿದ್ದವು. ರೋಗಿಗಳ ನಿದ್ದೆ ಕೆಡುತ್ತದೆಂದು ಯಾರೋ ನಿಯಂತ್ರಣ ಫಲಕದಲ್ಲಿ ಗಂಟೆಯ ದನಿ ಬಂದ್ ಮಾಡಿದ್ದರು, ಮತ್ತೆ ಹಚ್ಚಿರಲಿಲ್ಲ. ಕಾಕಾ ಇದ್ದಾಗಲೂ ಇದು ಆಗುತ್ತಿತ್ತು. ಆದರೆ ಅವರು ಬೆಳಿಗ್ಗೆ ಬಂದವರೇ ಮೊದಲು ಆ ಫಲಕ ನೋಡಿ ದನಿ ಹಚ್ಚಿ, ನಂತರ ಸಂವೇದಕವನ್ನು ಬಿಚ್ಚಿ ಒರೆಸುತ್ತಿದ್ದರು.

ಕಾವಲುಗಾರ ವಿದ್ಯುತ್ ಫಲಕದ ಮೇಲೆ ಹೊಡೆಯಲು ಎತ್ತಿಕೊಂಡ ಮೊದಲ ಇಂಗಾಲದ ಡೈಆಕ್ಸೈಡ್ ನಂದಕ ‘ಬುಸ್’ ಎಂದು ಸುಮ್ಮನಾಯಿತು. ಲಿಫ್ಟಿನ ಬಳಿಯದನ್ನು ತರಲು ಓಡಬೇಕಾಯಿತು. ಖಾಲಿಯಾಗಿದ್ದ ನಂದಕದ ಚೀಟಿಯಲ್ಲಿ ಮುಂದಿನ ತಪಾಸಣೆಯ ದಿನಾಂಕಕ್ಕೆ ಇನ್ನೂ ನಾಲ್ಕು ತಿಂಗಳಿತ್ತು. ಪುಡಿ ತುಂಬಿದ ನಂದಕಕ್ಕೆ ಒತ್ತಡ ತೋರಿಸುವ ಸಣ್ಣ ಗಡಿಯಾರ ಇರುತ್ತದೆ, ಮುಳ್ಳು ಹಸಿರಿನಲ್ಲಿದ್ದರೆ ಸಾಕು. ಇಂಗಾಲದ ಡೈಆಕ್ಸೈಡಿನದಕ್ಕೆ ಅದು ಇರುವುದಿಲ್ಲ, ತೂಗಿಯೇ ತಿಳಿಯಬೇಕು. ಕಾಕಾ ತಮ್ಮ ಟಿವಿಎಸ್ ಎಕ್ಸೆಲ್‌ನ ಚೀಲದಲ್ಲಿ ಒಂದು ಸ್ಪ್ರಿಂಗ್ ತಕ್ಕಡಿ ಇಟ್ಟುಕೊಂಡು ತಿಂಗಳಿಗೊಮ್ಮೆ ಎಲ್ಲವನ್ನೂ ತೂಗುತ್ತಿದ್ದರು. ಅವರು ಹೋದ ಮೇಲೆ ಯಾರೂ ತೂಗಲಿಲ್ಲ, ಏಕೆಂದರೆ ಅದು ತೂಗುವ ವಸ್ತು ಎಂಬುದೇ ಅವರೊಬ್ಬರನ್ನು ಬಿಟ್ಟು ಬೇರೆಯವರ ಕೆಲಸದ ಪಟ್ಟಿಯಲ್ಲಿ ಇರಲಿಲ್ಲ.

ಉತ್ತರ ಓಣಿಯ ಹೊಗೆ ತಡೆಯುವ ಬಾಗಿಲಿಗೆ ಇಟ್ಟಿಗೆ ಇತ್ತು. ಬಟ್ಟೆ ಕೋಣೆಯ ಮೇಲ್ಗಡೆ, ಸುಳ್ಳು ಚಾವಣಿಯ ಸಂದಿಯಿಂದ ಹೊಗೆ ಓಣಿಗೆ ಇಳಿದು, ತೆರೆದಿದ್ದ ಬಾಗಿಲಿನಿಂದ ಆಚೆಯ ವಾರ್ಡಿಗೂ ಹೋಯಿತು. ಕೊನೆಯ ಮಂಚ ಎಳೆದು ತರುತ್ತಿದ್ದ ವಾರ್ಡ್ ಬಾಯ್‌ನ ಕಾಲಿಗೆ ಆ ಇಟ್ಟಿಗೆ ತಾಗಿ, ಅದನ್ನು ಒದ್ದು, ಬಾಗಿಲು ಮುಚ್ಚಿಕೊಂಡ ಮೇಲೆಯೇ ಹೊಗೆ ನಿಂತದ್ದು. ಅಷ್ಟರಲ್ಲಿ ಆ ವಾರ್ಡಿನಲ್ಲಿದ್ದ ಇಬ್ಬರು ಅಸ್ತಮಾ ರೋಗಿಗಳನ್ನು ಇಳಿಜಾರಿನಲ್ಲಿ ಕೆಳಗೆ ಒಯ್ಯಬೇಕಾಯಿತು. ಒಬ್ಬರಿಗೆ ಎರಡು ದಿನ ಹೆಚ್ಚಿನ ಚಿಕಿತ್ಸೆ ಬೇಕಾಯಿತು.

ಬೆಂಕಿಯ ಮೂಲ ಬಟ್ಟೆ ಕೋಣೆಯೊಳಗಿನ ಒಂದು ಎಕ್ಸ್‌ಟೆನ್ಶನ್ ಬೋರ್ಡು. ಅದಕ್ಕೆ ಇಸ್ತ್ರಿ ಪೆಟ್ಟಿಗೆ, ಮೂರ್ನಾಲ್ಕು ಮೊಬೈಲ್ ಚಾರ್ಜರು, ಒಂದು ಸಣ್ಣ ಫ್ಯಾನು. ಚಾದರಗಳ ಗಂಟಿನ ಕೆಳಗೆ ಹಾದಿದ್ದ ವಾಯರು ಕಾದು ಕಾದು ಹತ್ತಿಕೊಂಡಿತ್ತು.

ಕಾಕೂ ತಂದ ಪುಸ್ತಕಗಳು

ಘಟನೆಯಾಗಿ ವಾರಕ್ಕೆ ಕಾಕಾ ಅವರ ಹೆಂಡತಿ, ನಮ್ಮೆಲ್ಲರ ಕಾಕೂ, ಆಸ್ಪತ್ರೆಗೆ ಬಂದರು. ಸುದ್ದಿ ಅವರಿಗೂ ಮುಟ್ಟಿತ್ತು. ಕೈಯಲ್ಲಿದ್ದ ಬಟ್ಟೆ ಚೀಲದಿಂದ ಉದ್ದನೆಯ ಕಿರ್ದಿ ಪುಸ್ತಕಗಳನ್ನು ತೆಗೆದು ನನ್ನ ಮೇಜಿನ ಮೇಲಿಟ್ಟರು, ಒಟ್ಟು ಏಳು. ‘ನಿಮಗ ಉಪಯೋಗ ಆದ್ರ ಇಟ್ಕೋರಿ, ಇಲ್ಲಂದ್ರ ತಿರುಗಿ ಕೊಡ್ರಿ, ಅವರ ಅಕ್ಷರ ಅದಾವ’ ಎಂದರು. ಚಹಾ ಕೂಡ ಕುಡಿಯಲಿಲ್ಲ.

ಪ್ರತಿ ದಿನದ ಸುತ್ತಿನಲ್ಲಿ ಕಂಡದ್ದನ್ನು ಕಾಕಾ ಅದರಲ್ಲಿ ಬರೆದಿಟ್ಟಿದ್ದರು. ಬಟ್ಟೆ ಕೋಣೆಯ ಸಾಲುಗಳನ್ನು ನಾನು ಹುಡುಕಿ ಹುಡುಕಿ ಓದಿದೆ. ‘ಬಟ್ಟಿ ಖೋಲಿ. ಬೋರ್ಡ ತಗದೆ.’ ಎರಡು ವಾರದ ನಂತರ: ‘ಮತ್ತ ಹಾಕ್ಯಾರ. ತಗದೆ.’ ತಿಂಗಳ ನಂತರ: ‘ಮತ್ತ.’ ಆಮೇಲೆ ಬರಿಯ ಒಂದು ಗೀಟು, ಅದರ ಅರ್ಥ ನನಗೆ ಗೊತ್ತು. ಹೀಗೆ ಹದಿನಾಲ್ಕು ಸಲ. ಒಂದೇ ಒಂದು ಸಲವೂ ಇದು ಆಸ್ಪತ್ರೆಯ ಅಧಿಕೃತ ಘಟನಾ ನಮೂನೆಯಲ್ಲಿ ಬಂದಿಲ್ಲ. ನಮ್ಮ ಕಡತದ ಪ್ರಕಾರ ಆ ಕೋಣೆಯಲ್ಲಿ ಯಾವ ಅಪಾಯವೂ ಎಂದೂ ಕಂಡುಬಂದಿಲ್ಲ.

ಏಕೆ ಬರೆಯಲಿಲ್ಲ ಎಂಬುದಕ್ಕೆ ಉತ್ತರ ಹುಡುಕಲು ದೂರ ಹೋಗಬೇಕಿಲ್ಲ. ಆ ನಮೂನೆಯ ನಾಲ್ಕನೇ ಕಲಂ ‘ಹೊಣೆಗಾರ ಸಿಬ್ಬಂದಿಯ ಹೆಸರು’. ಬರೆದರೆ ಯಾವುದೋ ಆಯಾಳ ಹೆಸರು ಬರೆಯಬೇಕು. ಎರಡು ಸಲ ಹೆಸರು ಬಂದರೆ ಪಗಾರದಲ್ಲಿ ಕಡಿತ. ಆಯಾಗಳು ಅಲ್ಲಿ ಬೋರ್ಡು ಹಚ್ಚುತ್ತಿದ್ದುದಕ್ಕೂ ಕಾರಣವಿತ್ತು: ಅವರ ವಿಶ್ರಾಂತಿ ಕೋಣೆಯಲ್ಲಿ ಒಂದೂ ಪ್ಲಗ್ ಪಾಯಿಂಟ್ ಇರಲಿಲ್ಲ, ರಾತ್ರಿ ಪಾಳಿಯಲ್ಲಿ ಮನೆಯಿಂದ ಫೋನ್ ಬಂದರೆ ಎತ್ತಬೇಕು. ಕಾಕಾ ಪ್ಲಗ್ ಪಾಯಿಂಟ್ ಹಾಕಿಸಿ ಎಂದು ಬಾಯಿಮಾತಿನಲ್ಲಿ ಹಲವು ಸಲ ಕೇಳಿದ್ದರಂತೆ. ಬಾಯಿಮಾತಿಗೆ ಕಡತ ಇರುವುದಿಲ್ಲ. ಈ ಭಾಗ ಬರೆಯುವಾಗ ನಾನು ಒಪ್ಪಿಕೊಳ್ಳಬೇಕಾದ್ದೊಂದಿದೆ: ಸ್ಟಾಫ್ ನರ್ಸ್ ಆಗಿದ್ದಾಗ ಅದೇ ಬೋರ್ಡಿಗೆ ನಾನೂ ಎಷ್ಟೋ ರಾತ್ರಿ ಫೋನ್ ಹಚ್ಚಿದ್ದೇನೆ. ಬೆಳಿಗ್ಗೆ ಅದು ಬಿಚ್ಚಿ ಸುತ್ತಿಟ್ಟದ್ದನ್ನು ಕಂಡು, ಕಾಕಾ ಬಂದು ಹೋದರು ಎಂದು ನಕ್ಕು ಸುಮ್ಮನಾಗಿದ್ದೇನೆ.

ಅವರ ಬಗ್ಗೆ ಆಡಲು ಹಿತವಲ್ಲದ ಮಾತನ್ನು ಇಲ್ಲಿ ಆಡಲೇಬೇಕು. ನಾವು ಅವರನ್ನು ಅಷ್ಟು ಹಚ್ಚಿಕೊಂಡದ್ದು ಅವರು ಯಾರ ಹೆಸರನ್ನೂ ಬರೆಯದೆ ಎಲ್ಲವನ್ನೂ ತಾವೇ ಸರಿಪಡಿಸುತ್ತಿದ್ದರೆಂದು. ಆಸ್ಪತ್ರೆಗೆ ಬೆಂಕಿ ಬೀಳುವ ದಾರಿಯನ್ನು ಅವರ ಎರಡು ಕೈಗಳು ದಿನಾ ಮುಚ್ಚುತ್ತಿದ್ದವು. ಹೀಗಾಗಿ ದಾರಿಯೊಂದಿದೆ ಎಂಬುದೇ ಆಸ್ಪತ್ರೆಗೆ ತಿಳಿಯಲಿಲ್ಲ. ಜನರಿಗೆ ಕಲಿಸಿದ್ದು ಅವರು ಹೋದ ಮೇಲೂ ಕೆಲಸ ಮಾಡಿತು: ಬಾಗಿಲು ಮುಟ್ಟಿ ನೋಡುವ ಕೈ, ಮೂರು ಸಲ ಹೇಳುವ ಬಾಯಿ, ದಾರ ಕಟ್ಟಿದ ಕೀಲಿ, ಗೋಡೆಯ ಮೇಲೆ ಬರೆದ ಅಕ್ಷರ. ತಾವೊಬ್ಬರೇ ಮಾಡುತ್ತಿದ್ದುದು ಐದು ತಿಂಗಳಲ್ಲಿ ನಿಂತುಹೋಯಿತು: ತೂಕ, ಗಂಟೆಯ ದನಿ, ಇಟ್ಟಿಗೆ, ಬೋರ್ಡು. ತಪ್ಪು ಅವರದೆಂದು ನಾನು ಹೇಳುತ್ತಿಲ್ಲ. ಅಪಾಯವನ್ನು ಬರೆದವನು ಬಡವರೊಬ್ಬರ ಪಗಾರ ಕಳೆಯಬೇಕು ಎಂಬ ನಮೂನೆಯನ್ನು ಮಾಡಿಟ್ಟವರು ನಾವು; ಅದನ್ನು ತುಂಬಲು ಒಲ್ಲೆ ಎಂದ ಮನುಷ್ಯನನ್ನು ಕಾಗದದ ಕೆಲಸ ಬಾರದವನು ಎಂದು ನಗುತ್ತಿದ್ದವರೂ ನಾವೇ.

ಆಮೇಲೆ

ಆಯಾಗಳ ವಿಶ್ರಾಂತಿ ಕೋಣೆಗೆ ನಾಲ್ಕು ಪ್ಲಗ್ ಪಾಯಿಂಟ್ ಬಂದವು. ಒಂದು ಮಧ್ಯಾಹ್ನದ ಕೆಲಸ. ಗಂಟೆಯ ದನಿ ಬಂದ್ ಮಾಡಲು ಈಗ ಇಬ್ಬರ ಸಹಿ ಬೇಕು, ಎಂಟು ಗಂಟೆಯ ನಂತರ ಪಾಳಿ ಬದಲಾಗುವಾಗ ಮತ್ತೆ ಹಚ್ಚಿದ್ದಕ್ಕೆ ಇನ್ನೊಂದು ಸಹಿ. ನಂದಕಗಳ ತೂಕ ಗೋಡೆಯ ಮೇಲಿನ ಹಲಗೆಯಲ್ಲಿ ತಿಂಗಳಿಗೊಮ್ಮೆ ಏರುತ್ತದೆ. ಸ್ಯಾನಿಟೈಸರ್ ಕ್ಯಾನುಗಳು ಬಟ್ಟೆಯಿಂದ ದೂರ, ಕೆಳಗಿನ ಉಗ್ರಾಣಕ್ಕೆ ಹೋದವು. ಖಾಲಿ ಹುದ್ದೆಗೆ ಅಗ್ನಿ ಸುರಕ್ಷತೆಯಲ್ಲಿ ಡಿಪ್ಲೊಮಾ ಮುಗಿಸಿದ ಹುಡುಗನೊಬ್ಬ ಬಂದಿದ್ದಾನೆ. ಕಾಕಾ ಅವರ ತಕ್ಕಡಿಯನ್ನು ಕಾಕೂ ಅವನಿಗೇ ಕೊಟ್ಟರು. ಬಾಗಿಲುಗಳಿಗೆ ಗಂಟೆ ಬಾರಿಸಿದ ಕೂಡಲೇ ತಾನಾಗಿ ಬಿಟ್ಟು ಮುಚ್ಚಿಕೊಳ್ಳುವ ಅಯಸ್ಕಾಂತದ ಹಿಡಿಕೆ ಹಾಕಿಸಬೇಕೆಂದು ಆಡಳಿತಕ್ಕೆ ಬರೆದಿದ್ದೇವೆ. ಹಣ ಮಂಜೂರಾಗಿಲ್ಲ, ಅಲ್ಲಿಯವರೆಗೆ ಇಟ್ಟಿಗೆಗಳು ಬರುತ್ತಲೇ ಇರುತ್ತವೆ.

ಇವೆಲ್ಲಕ್ಕಿಂತ ಹೆಚ್ಚು ವಾದ ನಡೆದದ್ದು ಘಟನಾ ನಮೂನೆಯ ನಾಲ್ಕನೇ ಕಲಮಿನ ಮೇಲೆ. ಹೆಸರಿಲ್ಲದಿದ್ದರೆ ಶಿಸ್ತು ಉಳಿಯುವುದಿಲ್ಲ ಎಂದವರಿದ್ದರು. ನಾನು ಕಿರ್ದಿ ಪುಸ್ತಕವನ್ನು ಸಭೆಗೆ ಒಯ್ದು ಆ ಹದಿನಾಲ್ಕು ಸಾಲುಗಳನ್ನು ಓದಿದೆ. ಗೀಟುಗಳನ್ನೂ ‘ಗೀಟು’ ಎಂದೇ ಓದಿದೆ. ಕಲಂ ಹೋಯಿತು. ಈಗಿನ ನಮೂನೆ ಅರ್ಧ ಪುಟದ್ದು, ಕನ್ನಡದಲ್ಲಿದೆ, ಏನು ಕಂಡಿರಿ, ಎಲ್ಲಿ, ಏನು ಮಾಡಿದಿರಿ ಎಂಬ ಮೂರೇ ಪ್ರಶ್ನೆ.

ಹೊಸ ನಮೂನೆಯಲ್ಲಿ ಬಂದ ಮೊದಲನೆಯದು ತೊರವಿಯ ಆಯಾ ಅವರದು. ಬರೆದುಕೊಟ್ಟದ್ದು ಅವರ ಮಗಳಿರಬೇಕು, ಅಕ್ಷರ ದುಂಡಗಿವೆ. ‘ಏನು ಕಂಡಿರಿ: ಬಾಗಿಲಿಗೆ ಇಟ್ಟಿಗೆ. ಎಲ್ಲಿ: ಎರಡನೇ ಮಾಳಿಗೆ, ಉತ್ತರ ಓಣಿ. ಏನು ಮಾಡಿದಿರಿ: ತೆಗೆದು ಕಟ್ಟೆಯ ಮೇಲೆ ಇಟ್ಟೆ.’